ಪಾಯಾ ಮತ್ತು ಸೂಜಿ

ದಾಂಡೇಲಿಯ ಒಬ್ಬ ಮೆಕ್ಯಾನಿಕ್ಕನ ಮನೆಗೆ ನಾನು ಆಸ್ಪತ್ರೆಯ ಕಡೆಯಿಂದ ಹೋಗಿದ್ದೆ. ಅವನ ತಂಗಿಗೆ ರಕ್ತದ ಕಾಯಿಲೆ. ಉಳಿಯಬೇಕಾದರೆ ಅಣ್ಣನ ಎಲುಬಿನ ಮಜ್ಜೆಯ ಆಕರಕೋಶ, ಅಂದರೆ ಸ್ಟೆಮ್ ಸೆಲ್, ಬೇಕು. ಅವನು ಒಪ್ಪಿದ್ದ, ತಾಯಿ ಒಪ್ಪಿರಲಿಲ್ಲ.

"ಎಲುಬು ಕೊರದ್ರ ಇವ ಇಂಜಿನ್ ಹೆಂಗ ಎತ್ತತಾನ್ರಿ ಸಾಹೇಬ್ರ? ನನಗ ಮಗಳೂ ಬೇಕು, ಮಗನೂ ಬೇಕು."

ಕೊರೆಯುವುದಿಲ್ಲ ಎಂದೆ. ಒಂದು ಪ್ರೋಟೀನಿನ ಇಂಜೆಕ್ಷನ್ ಕೊಡುತ್ತೇವೆ. ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಈ ಕೋಶಗಳು ಹೆಚ್ಚಿ ರಕ್ತಕ್ಕೆ ಇಳಿಯುತ್ತವೆ. ಅವನ್ನು ತೋಳಿನ ರಕ್ತನಾಳದಿಂದ ತೆಗೆಯುತ್ತೇವೆ.

"ಅದಕ್ಕ ಸೂಜಿ ಯಾಕ್ರಿ? ಪಾಯಾ ಸಾಕಲ್ಲ."

"ಅಮ್ಮಿ, ಅದು ಕುರಿ ಕಾಲಿನ ಸಾರು," ಎಂದ ಮಗ.

"ನೀ ಸುಮ್ನಿರು. ನಿನ್ನ ಕಾಲು ಗಟ್ಟಿ ಆಗಿದ್ದು ಅದರಿಂದನ."

ಎರಡೂ ಆಗಲಿ ಎಂದೆ. ಆಗ ತಾಯಿ ಒಪ್ಪಿದರು.

ಆಸ್ಪತ್ರೆಯ ಪಕ್ಕವೇ ಕೋಣೆ ಹಿಡಿದು, ಇಂಜೆಕ್ಷನ್ ಮುಗಿಯುವವರೆಗೆ ದಿನವೂ ಪಾಯಾ ತಂದರು. ಕೋಶಗಳು ಬೇಕಾದದ್ದಕ್ಕಿಂತ ಹೆಚ್ಚೇ ಸಿಕ್ಕವು, ತಂಗಿಯ ಮೈಯಲ್ಲಿ ನೆಲೆಯೂರಿದವು.

ಮೊನ್ನೆ ಹಳಿಯಾಳದಲ್ಲಿ ಇನ್ನೊಬ್ಬ ದಾನಿಯ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಪಾಯಾದ ವಾಸನೆ ಬಂತು. ದಾಂಡೇಲಿಯ ತಾಯಿ ಇವರಿಗೂ ನೆಂಟರು, ಫೋನ್ ಮಾಡಿದ್ದರಂತೆ. ಇಂಜೆಕ್ಷನ್ನಿನ ವಿಷಯ ಮಾತ್ರ ನಾನೇ ಹೇಳಬೇಕಾಯಿತು.