ಒಂದು ಬಿಟ್ಟು ಕಟ್ಟುವವನು

ಹೇಮಶ್ರೀ ವೀರೇಂದ್ರನನ್ನು ಮೊದಲು ನೋಡಿದ್ದು ವಿನೋಬನಗರದಲ್ಲಿ, ಔಷಧಿ ಅಂಗಡಿಯ ಮೇಲಿದ್ದ ಅವನ ಕಂಪ್ಯೂಟರ್ ಪ್ರೋಗ್ರಾಮಿನ ಆಫೀಸಿಗೆ ಕೆಲಸ ಕೇಳಿ ಹೋದಾಗ. ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಖಾರಮಂಡಕ್ಕಿ ತಿನ್ನುತ್ತಿದ್ದ. ನೀಲಿ ಶರ್ಟು, ಹಣೆಯಲ್ಲಿ ಆಗಷ್ಟೇ ಹಚ್ಚಿದ ವಿಭೂತಿ. ಎಣ್ಣೆ ತಾಗದಂತೆ ಅವಳ ಮಾರ್ಕ್ಸ್ ಕಾರ್ಡನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, ಊರು ಯಾವುದೆಂದು ಕೇಳಿದ. ಗಾಜನೂರಿನ ಹತ್ತಿರ ಎಂದಳು. ಮನೆಯಲ್ಲಿ ಡಿಗ್ರಿ ಮಾಡಿದವಳು ನೀನೇ ಮೊದಲಾ ಎಂದು ಕೇಳಿದ. ಹೌದೆಂದಾಗ ಅರ್ಧ ಮಂಡಕ್ಕಿಯನ್ನು ಬೇರೆ ಕಾಗದಕ್ಕೆ ಸುರಿದು ಅವಳ ಕಡೆ ತಳ್ಳಿದ. ಅಷ್ಟಕ್ಕೇ ಅವಳು ಅವನನ್ನು ದೊಡ್ಡ ಮನುಷ್ಯ ಎಂದುಕೊಂಡುಬಿಟ್ಟಳು.

ಭದ್ರಾವತಿಯಲ್ಲಿ ಉಮಾಮಹೇಶ್ವರಿ ಎಂಬುವವರು ರಕ್ತ ಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದರು. ಯಂತ್ರ ಕೊಟ್ಟ ಅಂಕಿಗಳನ್ನು ಓದಿ ರಿಪೋರ್ಟ್ ಅಚ್ಚುಹಾಕುವ ಪೈಥಾನ್ ಪ್ರೋಗ್ರಾಮ್ ಬರೆಯುವ ಕೆಲಸ ಹೇಮಶ್ರೀಗೆ ಬಂತು. ಲ್ಯಾಬಿನ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ. ಪ್ರೋಗ್ರಾಮ್ ಒಂದನ್ನೇ ಒಯ್ದರೆ ಎಲೆ ಕೊಟ್ಟು ಅಡಿಕೆ, ಸುಣ್ಣ ಮನೆಯಲ್ಲೇ ಬಿಟ್ಟು ಬಂದಂತೆ. ಅದು ನೆಚ್ಚಿಕೊಂಡ ಲೈಬ್ರರಿಗಳನ್ನೆಲ್ಲ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮ್ ತುಣುಕುಗಳನ್ನೆಲ್ಲ, ಜೊತೆಗೇ ಕಟ್ಟಬೇಕು. ಅವಳು ಕಟ್ಟಿ ಪೆನ್‌ಡ್ರೈವಿಗೆ ಹಾಕಿದಳು. ಏನೂ ಇಲ್ಲದ ಹಳೇ ಕಂಪ್ಯೂಟರಿನಲ್ಲಿ ಹಾಕಿ ಓಡಿಸಿಯೂ ನೋಡಿದಳು. ಇದಕ್ಕಾಗಿ ಪದೇ ಪದೇ ಯಾರನ್ನೂ ಕರೆಸಬೇಕಾಗಿಲ್ಲ ಎಂದು ಉಮಾಮಹೇಶ್ವರಿಗೆ ಫೋನಿನಲ್ಲಿ ಮಾತು ಕೊಟ್ಟಳು. ಹೊರಡುವ ಮುಂಚೆ ವೀರೇಂದ್ರ ಒಮ್ಮೆ ಚೆಕ್ ಮಾಡ್ತೀನೆಂದು ಪೆನ್‌ಡ್ರೈವ್ ಇಸಿದುಕೊಂಡ. ಸ್ವಲ್ಪ ಹೊತ್ತಿಗೆ ವಾಪಸು ಕೊಟ್ಟ.

ಲ್ಯಾಬಿನಲ್ಲಿ ಪ್ರೋಗ್ರಾಮ್ ಅಂಕಿಗಳನ್ನೆಲ್ಲ ಓದಿತು. ಅಚ್ಚುಹಾಕುವ ಹೊತ್ತಿಗೆ ನಿಂತಿತು. ಶುಗರ್ ರಿಪೋರ್ಟಿಗೆ ಕಾದು ಕೂತಿದ್ದ ಭೂತಪ್ಪ ಎಂಬ ಮುದುಕರು, ಕೈಯಲ್ಲಿ ಬರೆದು ಕೊಡ್ತಿದ್ದಾಗಲೇ ಬೇಗ ಆಗ್ತಿತ್ತು ಎಂದು ಗೊಣಗಿದರು. ತಪ್ಪು ತನ್ನದೇ ಇರಬೇಕೆಂದುಕೊಂಡಳು ಹೇಮಶ್ರೀ. ತನ್ನ ಲ್ಯಾಪ್‌ಟಾಪಿನಲ್ಲಿದ್ದ ಮೂಲ ಕಟ್ಟಿನೊಂದಿಗೆ ಹೋಲಿಸಿ ನೋಡಿದಳು. ರಿಪೋರ್ಟಿನ ಪುಟ ತಯಾರಿಸುವ ಲೈಬ್ರರಿ ಪೆನ್‌ಡ್ರೈವಿನಲ್ಲಿ ಇರಲೇ ಇಲ್ಲ. ಹೊರಗೆ ಬಂದು ಫೋನ್ ಮಾಡಿದಳು.

“ನಾನೇ ತೆಗೆದೆ,” ಅಂದ ವೀರೇಂದ್ರ, ಏನೋ ಅಗಿಯುತ್ತಾ. “ಎಲ್ಲಾ ಕಟ್ಟಿಕೊಟ್ರೆ ಆಮೇಲೆ ನಮ್ಮನ್ನ ಕರೆಯೋರು ಯಾರು ಮಾರಾಯ್ತಿ? ಎಲ್ಲರಿಗೂ ಒಂದು ಬಿಟ್ಟೇ ಕಟ್ಟೋದು. ಅವರ ಕಂಪ್ಯೂಟರ್ ಹಳೇದು ಅಂತ ಹೇಳಿ ಬಂದ್ಬಿಡು. ನಾಳಿದ್ದು ನಾನು ಹೋಗ್ತೀನಿ.”

“ಇಲ್ಲಿ ಪೇಷೆಂಟ್‌ಗಳು ಕಾಯ್ತಿದ್ದಾರೆ ಸರ್.”

“ಅದಕ್ಕೇ ಬೇಗ ಕರೀತಾರೆ.”

ಅವಳಿಗೆ ಹೇಸಿಗೆಯಾಯಿತು. ತೂಕಕ್ಕೆಂದು ಒಣ ಅಡಿಕೆಗೆ ನೀರು ಚಿಮುಕಿಸುವವರನ್ನು ಕಂಡಿದ್ದಳು. ಅವರೂ ಕಾಯಿಲೆಯವರ ಮೇಲೆ ಹೀಗೆ ಲೆಕ್ಕ ಹಾಕುತ್ತಿರಲಿಲ್ಲ. ಕಟ್ಟಿದವಳು ತಾನು, ಮಾತು ಕೊಟ್ಟವಳೂ ತಾನು. ಬಡಿಸಿಟ್ಟ ಎಲೆಗೆ ಯಾರೋ ಉಗುಳಿಹೋದಂತಿತ್ತು. ಫೋನ್ ಹಿಡಿದಿದ್ದ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು ಒಳಗೆ ಹೋದಳು.

ಬಿಟ್ಟದ್ದನ್ನು ಲ್ಯಾಪ್‌ಟಾಪಿನಿಂದ ಹಾಕಿದಳು. ರಿಪೋರ್ಟ್ ಬಂತು, ಭೂತಪ್ಪ ಎದ್ದು ಹೋದರು. ಆಮೇಲೆ ಉಮಾಮಹೇಶ್ವರಿಯ ಎದುರು ನಿಂತು, “ಇದು ತಪ್ಪಿ ಆಗಿದ್ದಲ್ಲ ಮೇಡಂ, ವೀರೇಂದ್ರ ಸರ್ ಬೇಕಂತಲೇ ತೆಗೆದಿದ್ದು,” ಎಂದಳು.

ಹಾಗಾದರೆ ಅವನು ಮುಂಚೆ ಮಾಡಿಕೊಟ್ಟಿದ್ದ ಬಿಲ್ಲಿನ ಪ್ರೋಗ್ರಾಮ್ ಆಗಾಗ ಕೆಡುತ್ತಿದ್ದುದೂ ಹೀಗೆಯೇ ಏನು ಎಂದು ಕೇಳಿದರು. ಎಲ್ಲರಿಗೂ ಒಂದು ಬಿಟ್ಟೇ ಕಟ್ಟುತ್ತಾರಂತೆ ಎಂದಳು ಹೇಮಶ್ರೀ.

“ಬಂದಾಗೆಲ್ಲ ಊಟ ಹಾಕಿ ಕಳಿಸಿದೀನಲ್ಲಮ್ಮ ಅವನಿಗೆ,” ಎಂದರು ಉಮಾಮಹೇಶ್ವರಿ.

ಆ ಲ್ಯಾಬಿನವರು ಮತ್ತೆ ವೀರೇಂದ್ರನನ್ನು ಕರೆಯಲಿಲ್ಲ. ಹೇಮಶ್ರೀಯೂ ಅವನ ಮೆಟ್ಟಿಲು ಹತ್ತಲಿಲ್ಲ. ವೀರೇಂದ್ರ ಈಗಲೂ ವಿನೋಬನಗರದಲ್ಲೇ ಇದ್ದು ಅಂಗಡಿ, ಲ್ಯಾಬುಗಳಿಗೆ ಪ್ರೋಗ್ರಾಮ್ ಮಾಡಿಕೊಡುತ್ತಾನೆ. ಬರೆಯಲು ಹೊಸಬರನ್ನು ಇಟ್ಟುಕೊಂಡಿದ್ದಾನೆ. ಕಟ್ಟುವ ಕೆಲಸವನ್ನು ಮಾತ್ರ ಯಾರಿಗೂ ಬಿಡದೆ ತಾನೇ ಮಾಡುತ್ತಾನೆ.