ಗಂಗುಲಪ್ಪನ ಬಾಯಿತಪ್ಪು

ಮಂಚೇನಹಳ್ಳಿ ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಗಂಗುಲಪ್ಪ ಎರಡು ಸಾವಿರದ ಐದರ ಪಂಚಾಯ್ತಿ ಚುನಾವಣೆಗೆ ನಿಂತಾಗ ಊರವರಿಗೆಲ್ಲ ಆಶ್ಚರ್ಯವಾಯಿತು. ಊರ ಹಾಲಿನ ಸಂಘದ ಸಭೆಗಳಲ್ಲಿ ಹಿಂದಿನ ಸಾಲಲ್ಲಿ ಕೂತು, ವಂದನಾರ್ಪಣೆಗೆ ಮೊದಲೇ ಎದ್ದುಹೋಗುವ ಮನುಷ್ಯ ಆತ. ಯಾಕೆ ನಿಂತ ಅನ್ನುವುದು ಹೆಂಡತಿ ಅಮ್ಮಾಜಮ್ಮನಿಗೂ ಗೊತ್ತಿರಲಿಲ್ಲ. ಅದೇ ವಾರ್ಡಿಗೆ ನಲ್ಲಪ್ಪ ನಿಲ್ಲುತ್ತಾನೆಂಬ ಸುದ್ದಿ ಬಂದ ದಿನ ಗಂಡ ಮುದ್ದೆ ಅರ್ಧಕ್ಕೇ ಬಿಟ್ಟು ಷರ್ಟು ಹಾಕಿಕೊಂಡು ಹೊರಟದ್ದನ್ನು ಮಾತ್ರ ಆಕೆ ನೋಡಿದ್ದಳು.

ನಲ್ಲಪ್ಪ, ಗಂಗುಲಪ್ಪ ಒಟ್ಟಿಗೆ ಬೆಳೆದವರು. ಒಟ್ಟಿಗೇ ಹತ್ತನೇ ಕ್ಲಾಸು ಫೇಲಾಗಿ, ಕುಡುಮಲಕುಂಟೆಯ ಒಂದು ಕಾರ್ಖಾನೆಗೆ ಸೇರಿ, ಒಂದೇ ಬಸ್ಸಲ್ಲಿ ಹೋಗಿಬರುತ್ತಿದ್ದರು. ಇದ್ದಕ್ಕಿದ್ದಂತೆ ಮಾತು ನಿಂತುಹೋಯಿತು. ಗಂಗುಲಪ್ಪ ಕೆಲಸವನ್ನೂ ಬಿಟ್ಟು ಅಂಗಡಿ ಹಾಕಿದ. ವರ್ಷಗಟ್ಟಲೆ, ಎದುರು ಸಿಕ್ಕಾಗೆಲ್ಲ ಒಬ್ಬ ಆಕಾಶ ನೋಡುತ್ತಿದ್ದ, ಇನ್ನೊಬ್ಬ ಚಪ್ಪಲಿ ನೋಡಿಕೊಳ್ಳುತ್ತಿದ್ದ.

ಪ್ರಚಾರದ ಮೊದಲ ದಿನ ಅರಳಿಕಟ್ಟೆಯ ಮುಂದೆ ಗಂಗುಲಪ್ಪ ಮೈಕು ಹಿಡಿದ. ನೀರಿನ ಟ್ಯಾಂಕು, ಬೀದಿದೀಪ ಎಲ್ಲವನ್ನೂ ಸರಿಯಾಗಿಯೇ ಹೇಳಿ ಕೊನೆಗೆ ಕೈಮುಗಿದು, "ಆದ್ದರಿಂದ ನಿಮ್ಮ ಅಮೂಲ್ಯವಾದ ಮತವನ್ನು ನಲ್ಲಪ್ಪನಿಗೇ ಕೊಡಿ" ಅಂದುಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ತನ್ನ ಹೆಸರನ್ನು ಅಂಗೈ ಮೇಲೆ ಬರೆದುಕೊಂಡು ಹೋದ. ಅಂಗೈ ನೋಡಿಕೊಂಡೇ ಮತ್ತೆ "ನಲ್ಲಪ್ಪ" ಅಂದ. ಮೂರನೆಯ ದಿನ ಪಕ್ಕದ ಊರಿನವರೂ ಕೇಳಲು ಬಂದರು.

ಆ ಹೊತ್ತಿಗೆ ಅವರೆಕಾಯಿಗೆ ಸೊಗಡು ಬಂದಿತ್ತು. ಅಮ್ಮಾಜಮ್ಮನ ಚಿಂತಾಮಣಿಯ ಅಕ್ಕನ ಮಗಳು ಶ್ರೀವಿದ್ಯಾ, ಹಿದಕಿದ ಬೇಳೆ ಸಾರು ತಿನ್ನಲು ಬಂದಿದ್ದಳು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂಎ ಓದುತ್ತಿದ್ದ ಹುಡುಗಿ. ವಿಷಯ ಕೇಳಿ ಅವಳ ಕಣ್ಣು ಅರಳಿತು.

"ಚಿಕ್ಕಪ್ಪಾ, ಬಾಯಿತಪ್ಪು ಸುಮ್ಮಸುಮ್ನೆ ಬರಲ್ಲ. ಒಳಗಡೆ ಮುಚ್ಚಿಟ್ಟಿರೋದು ಹಂಗೆ ಆಚೆ ಬರ್ತದೆ. ಮಂಚದ ಮೇಲೆ ಮಲ್ಕೊಳಿ. ತಲೆಗೆ ಬಂದಿದ್ದೆಲ್ಲ ಹೇಳ್ತಾ ಹೋಗಿ, ಏನೂ ಬಚ್ಚಿಡಬೇಡಿ."

ಗಂಗುಲಪ್ಪ ಸಂಕೋಚದಿಂದಲೇ ಜಗಲಿಯ ಮಂಚದ ಮೇಲೆ ಮಲಗಿದ. "ಟ್ಯೂಬು… ಪಂಪು… ಸಾರಿಗೆ ಉಪ್ಪು ಕಮ್ಮಿ…"

"ಯಾರ್ರೀ ಹೇಳಿದ್ದು ಕಮ್ಮಿ ಅಂತ?" ಅಡುಗೆಮನೆಯಿಂದ ಅಮ್ಮಾಜಮ್ಮ ಕೂಗಿದಳು.

"ಚಿಕ್ಕಮ್ಮಾ, ನೀವು ನಡುವೆ ಬರಬೇಡಿ! ಹೇಳಿ ಚಿಕ್ಕಪ್ಪಾ."

"ಬಸ್ಸು," ಅಂದ ಗಂಗುಲಪ್ಪ. ದನಿ ಬದಲಾಗಿತ್ತು. "ದಿನಾ ಅವ್ನು ಮೊದ್ಲು ಹತ್ತಿ ಕಿಟಕಿ ಪಕ್ಕ ಟವಲ್ ಹಾಕ್ತಿದ್ದ ಕಣಮ್ಮ, ನನಗೆ ಅಂತ. ಒಂದಿನ ಆ ಸೀಟಲ್ಲಿ ಸೂಪರ್‌ವೈಸರ್‌ನ ಕೂರಿಸ್ಕೊಂಡು ನಗ್ತಾ ಇದ್ದ. ನಾನು ಕುಡುಮಲಕುಂಟೆವರೆಗೂ ನಿಂತ್ಕೊಂಡು ಹೋದೆ."

"ನೋಡಿದ್ರಾ? ನಿಮಗೆ ಬೇಕಾಗಿರೋದು ಪಂಚಾಯ್ತಿ ಸೀಟಲ್ಲ, ಆ ಬಸ್ ಸೀಟು! ಅದನ್ನ ಅವರ ಹತ್ರಾನೇ ಕೇಳಬೇಕು ಅಂತ ಬಾಯಿ ಅವರ ಹೆಸರು ಕೂಗ್ತಾ ಇದೆ," ಅಂದಳು ಶ್ರೀವಿದ್ಯಾ.

ಗಂಗುಲಪ್ಪ ಎದ್ದವನೇ ನೆಟ್ಟಗೆ ನಲ್ಲಪ್ಪನ ಮನೆಗೆ ಹೋದ. ಚುನಾವಣೆ ಜಗಳವೇ ಶುರುವಾಯಿತೆಂದು ಅರ್ಧ ಬೀದಿ ಹಿಂದೆ ಬಂತು.

"ಆ ಸೀಟು ಸೂಪರ್‌ವೈಸರ್‌ಗೆ ಯಾಕೋ ಕೊಟ್ಟೆ?"

"ಯಾವ ಸೀಟೋ?" ನಲ್ಲಪ್ಪನಿಗೆ ನಿಜವಾಗಿಯೂ ನೆನಪಿರಲಿಲ್ಲ. "ನೀನು ಮಾತು ಬಿಟ್ಟಿದ್ದು ಒಬ್ಬಟ್ಟಿನ ವಿಷಯಕ್ಕಲ್ವಾ? ನನ್ನ ಮದುವೇಲಿ ನಿನ್ನ ಎಲೆಗೆ ಬರೋ ಹೊತ್ತಿಗೆ ಒಬ್ಬಟ್ಟು ಮುಗಿದೋಗಿತ್ತು. ಅದಕ್ಕೆ ನಮ್ಮತ್ತೆ ಮನೆಯವರ ಹತ್ರ ಜಗಳ ಆಡಿದೀನಿ ಕಣೋ. ಅವರು ಈಗ್ಲೂ ನನ್ನ ಸರಿಯಾಗಿ ಮಾತಾಡಿಸಲ್ಲ."

"ಒಬ್ಬಟ್ಟು ಮಾಡಿಸಿದ್ರಾ?" ಅಂದ ಗಂಗುಲಪ್ಪ. ಇಷ್ಟು ವರ್ಷ ಅವನಿಗೆ ಆ ದುಃಖ ಇರಲಿಲ್ಲ, ಈಗ ಬಂತು. ನಲ್ಲಪ್ಪನ ಹೆಂಡತಿ ಒಳಗಿನಿಂದ ಕಾಫಿ ತಂದಳು. ಇಬ್ಬರೂ ಅದನ್ನು ಒಬ್ಬರ ಮುಖ ಒಬ್ಬರು ನೋಡದೆ ಕುಡಿದರು, ಆದರೆ ಒಂದೇ ಜಗಲಿಯ ಮೇಲೆ ಕೂತು.

ಮಾರನೆಯ ದಿನದಿಂದ ಗಂಗುಲಪ್ಪನ ಬಾಯಿ ತಪ್ಪಲಿಲ್ಲ. ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳಿದ. ಅದೇ ತೊಂದರೆಯಾಯಿತು. ನಗಲೆಂದು ಬಂದವರು ನೀರಿನ ಟ್ಯಾಂಕಿನ ಮಾತಿಗೇ ಆಕಳಿಸಿದರು. "ಮೊದ್ಲೇ ಚೆನ್ನಾಗಿ ಮಾತಾಡ್ತಿದ್ದೆ ಕಣಪ್ಪ," ಎಂದು ಹಿರಿಯರಾದ ವೆಂಕಟರವಣಪ್ಪ ಬೇಸರದಿಂದ ಎದ್ದುಹೋದರು. ನಲ್ಲಪ್ಪ ಸಲೀಸಾಗಿ ಗೆದ್ದ. ಕೆಲವರು ಗಂಗುಲಪ್ಪನ ಮೊದಲ ಭಾಷಣ ಕೇಳಿಯೇ ನಲ್ಲಪ್ಪನಿಗೆ ಓಟು ಹಾಕಿದೆವೆಂದು ಹೇಳಿಕೊಂಡರು.

ಶ್ರೀವಿದ್ಯಾಗೆ ಸೋಲಿನ ಸುದ್ದಿ ಫೋನಿನಲ್ಲಿ ತಿಳಿದಾಗ ಅಳುವೇ ಬಂತು. "ನನ್ನಿಂದ ಹಿಂಗಾಯ್ತಲ್ಲ ಚಿಕ್ಕಪ್ಪಾ."

"ಬಿಡಮ್ಮಾ, ಎದೆ ಹಗುರ ಆಗಿದೆ," ಅಂದ ಗಂಗುಲಪ್ಪ.

ಹೊಸ ಮೆಂಬರ್ ನಲ್ಲಪ್ಪ ಒಂದು ಬೆಳಗ್ಗೆ ಅಂಗಡಿಗೆ ಬಂದು ಸುತ್ತಮುತ್ತ ನೋಡಿ ಪಿಸುಗುಟ್ಟಿದ: "ನಿಮ್ಮ ಹುಡುಗಿ ಯಾವಾಗ ಬರ್ತಾಳೋ? ನಂಗೊಂದು ಕನಸು ಬೀಳ್ತಿದೆ. ಪಂಚಾಯ್ತಿ ಆಫೀಸಲ್ಲಿ ಎಲ್ಲರೂ ಕೂತಿದಾರೆ, ನನ್ನ ಮೈಮೇಲೆ ಪಂಚೆನೇ ಇಲ್ಲ."

ಗಂಗುಲಪ್ಪ ಕೈಗೆ ಹತ್ತಿದ್ದ ಗ್ರೀಸು ಒರೆಸಿಕೊಂಡು, ಅಂಗಡಿಯ ಬೆಂಚು ಖಾಲಿ ಮಾಡಿ, ಅವನನ್ನು ಮಲಗಿಸಿದ. ಪೂರ್ತಿ ಕೇಳಿಸಿಕೊಂಡ. ಗ್ರಾಮಸಭೆಯ ಭಯ, ಸೆಕ್ರೆಟರಿಯ ಇಂಗ್ಲಿಷು, ಅತ್ತೆ ಮನೆಯವರ ಬಿಗುಮಾನ ಎಲ್ಲ ಹೊರಬಂತು. ಬಂದ ಗಿರಾಕಿಗಳು ತಾವೇ ಗಾಳಿ ಹೊಡೆದುಕೊಂಡು ಹೋದರು.

"ಈಗ ಏನು ಮಾಡ್ಲಿ?" ಎಂದು ನಲ್ಲಪ್ಪ ಮಲಗಿದ್ದಲ್ಲಿಂದಲೇ ಕೇಳಿದ.

ಗಂಗುಲಪ್ಪ ಬಹಳ ಹೊತ್ತು ಯೋಚಿಸಿದ. "ರಾತ್ರಿ ಹೊತ್ತು ಅವರೆಕಾಳು ಕಮ್ಮಿ ತಿನ್ನು," ಅಂದ.