ಮೂವತ್ತು ಇಂಚು ಎಡಕ್ಕೆ

ಕಮ್ಯುನಿಟಿ ಕಾಲೇಜಿನಲ್ಲಿ ಕಂಪ್ಯೂಟರಿನ ಮೇಲೆ ಮನೆಯ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದೆ. ಫ್ರೀಮಾಂಟಿನ ಒಂದು ಸೈಟಿಗೆ ಬರೆದ ಮನೆಯನ್ನು ಅಂದು ಕ್ಲಾಸು ಮುಗಿಯುವುದರೊಳಗೆ ಒಪ್ಪಿಸಬೇಕಿತ್ತು. ಇಲ್ಲವಾದರೆ ಇಡೀ ಕೋರ್ಸು ಮತ್ತೊಮ್ಮೆ. ಕೊನೆಯದಾಗಿ ಮುಂಬಾಗಿಲನ್ನು ಮೂವತ್ತು ಇಂಚು ಎಡಕ್ಕೆ ಸರಿಸಿದೆ. ಬಾಗಿಲು ಮಾಯವಾಯಿತು. ಅದನ್ನು ಹುಡುಕಲು ಹೋಗಿ ಮನೆಯೂ ಮಾಯವಾಯಿತು.

ಪಕ್ಕದ ಸೀಟಿನ ಧಾರವಾಡದ ಶೈಲಾ ನನ್ನ ಖಾಲಿ ಪರದೆ ನೋಡಿದರು. “ಮನಿ ಎಲ್ಲಿಗೂ ಹೋಗಿಲ್ರಿ. ನೀವ ದೂರ ಬಂದೀರಿ,” ಎಂದು ಎರಡು ಕೀ ಒತ್ತಿದರು. ಪರದೆಯ ಬಲತುದಿಯಲ್ಲಿ ಒಂದು ಚುಕ್ಕೆ ಬಂತು, ಎಡತುದಿಯಲ್ಲಿ ಇನ್ನೊಂದು. ಬಲದ್ದು ಮನೆ, ಎಡದ್ದು ಬಾಗಿಲು. ನಡುವೆ ನಲವತ್ತೇಳು ಮೈಲಿ.

“ಸೊನ್ನಿ ಮ್ಯಾಲೆ ಬೆರಳಿಟ್ಟು ನಿದ್ದಿ ಮಾಡಿದ್ರೇನ್ರಿ?” ಮೂವತ್ತರ ಮುಂದೆ ಐದು ಸೊನ್ನೆ ಹೆಚ್ಚಾಗಿ ಬಿದ್ದು ಮೂವತ್ತು ಲಕ್ಷ ಇಂಚಾಗಿತ್ತು.

ಈ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಬರೆಯುತ್ತೇವೆ ಎಂದು ಮೊದಲ ದಿನವೇ ಹೇಳಿದ್ದರು. ನಾನು ಅದನ್ನು ನಂಬಿದ್ದು ಈಗ. ನಕ್ಷೆಯಲ್ಲಿ ಎಡವೆಂದರೆ ಪಶ್ಚಿಮ. ಫ್ರೀಮಾಂಟಿನಿಂದ ಅಷ್ಟು ಪಶ್ಚಿಮಕ್ಕೆ ಹೋದರೆ ಕೊಲ್ಲಿ ಮುಗಿದು, ಬೆಟ್ಟ ಮುಗಿದು, ಶಾಂತಸಾಗರದ ನಡುನೀರು. ಎಡದ ಚುಕ್ಕೆಯನ್ನು ದೊಡ್ಡದು ಮಾಡಿ ನೋಡಿದೆ. ಅಷ್ಟು ನೀರಿನ ಮೇಲೆ ನನ್ನ ಬಾಗಿಲು ಚೌಕಟ್ಟಿನ ಸಮೇತ, ಒಂದು ಗೆರೆಯೂ ಕೊಂಕದೆ, ತೆರೆದು ನಿಂತಿತ್ತು.

“ಸೀ ವ್ಯೂ,” ಎಂದರು ಶೈಲಾ. “ಬಾಡಿಗಿ ಡಬಲ್ ಆಗ್ತದ. ಈಗ ವಾಪಸ್ ಕರಕೊಂಡ ಬರ್ರಿ.”

ಬಾಗಿಲು ಬಂತು. ಮೂವತ್ತನ್ನು ಈ ಸಲ ಒಂದೇ ಬೆರಳಿನಿಂದ, ಉಸಿರು ಹಿಡಿದು ಒತ್ತಿದೆ. ಮೇಷ್ಟ್ರು ನಕ್ಷೆ ನೋಡಿ ಪಾಸು ಮಾಡಿದರು. ಅವರು ಹೇಳಿದ್ದು ಒಂದೇ ತಿದ್ದುಪಡಿ: ಬಾಗಿಲು ಇನ್ನೂ ಸ್ವಲ್ಪ ಎಡಕ್ಕೆ ಹೋಗಬೇಕಿತ್ತಂತೆ.